ಅವ್ವನ ಮೈಮೇಲಿಂದ ಬಿಚ್ಚಿದ ಅಂಚು

ಓದುವ ಎಲ್ಲರಿಗೂ ನಮಸ್ಕಾರ. ನಾನು ಅಕ್ಷರ ಕಲಿತದ್ದೇ ಮದುವೆಯಾದ ಮೇಲೆ. ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮವ್ವನ ಹತ್ತಿರ ಎರಡು ಬೆರಳಗಲದ ಒಂದು ಸರಿಗೆ ಅಂಚಿತ್ತು. ಅವಳ ಅವ್ವನ ಧಾರೆ ಸೀರೆಯದು. ಆ ಸೀರೆ ಹರಿದಾಗ ಅಂಚನ್ನು ಮಾತ್ರ ಬಿಚ್ಚಿ ಇನ್ನೊಂದು ಸೀರೆಗೆ ಹೊಲಿದರಂತೆ. ಅದೂ ಸವೆದಾಗ ಮತ್ತೊಂದಕ್ಕೆ. ಕೊನೆಗೆ ಅದು ಅವ್ವನ ಹಸಿರು ನೂಲಿನ ಸೀರೆಯಲ್ಲಿತ್ತು.

ಹೋದ ವರ್ಷ ಮದ್ದೂರಿನ ನಮ್ಮ ಮನೆಯಲ್ಲಿ ಅವ್ವ ಹಾಸಿಗೆ ಹಿಡಿದಳು. ಆಸ್ಪತ್ರೆಯವರು ಮನೆಗೇ ಕರೆದುಕೊಂಡು ಹೋಗಿ ಎಂದಿದ್ದರು. ಬೆನ್ನೆಲ್ಲ ಹುಣ್ಣು. ಆ ಮೆತ್ತನೆಯ ಸೀರೆ ಬಿಟ್ಟು ಬೇರೇನನ್ನೂ ಉಡಲು ಒಪ್ಪುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಕರೆದಳು.

“ಸೀರೆ ನನ್ ಜೊತೆ ಮಣ್ಣಿಗೆ ಓಗ್ಲಿ. ಅಂಚ ಬಿಚ್ಕಂಡು ನಿನ್ ಮಗಳಿಗೆ ಕೊಡು ಕಣ್ಲಾ. ಉಸ್ರು ಓದ್ಮೇಲೆ ಮೈಮೇಲಿನ ಬಟ್ಟೇಲಿ ಒಂದ್ ಎಳೆನೂ ಮನೆಗ್ ಸೇರ್ಸಲ್ಲ.”

ಮಳವಳ್ಳಿಯಿಂದ ಬಂದಿದ್ದ ಅಕ್ಕ ರೇಗಿದಳು. “ಇನ್ನೂ ಬದ್ಕಿರೋಳ್ ಮೈಮೇಲಿಂದ ಕಿತ್ಕತೀಯೇನ್ಲಾ? ಕೈ ಎಂಗ್ ಬತ್ತದೆ ನಿಂಗೆ?”

“ನೀ ಸುಮ್ಕಿರಮ್ಮಿ,” ಅಂದಳು ಅವ್ವ. “ಸತ್ಮೇಲೆ ನಾನೆದ್ದು ಬಿಚ್ಕೊಡಕ್ಕಾಯ್ತದಾ?”

ಬ್ಲೇಡು ಹಿಡಿದು ಅವಳ ಕಾಲ ಬಳಿ ಕೂತೆ. ಹುಟ್ಟಿದಾಗಿನಿಂದ ಕಣ್ಣೆದುರಿಗೇ ಇದ್ದ ಅಂಚನ್ನು ಸರಿಯಾಗಿ ನೋಡಿದ್ದು ಅವತ್ತೇ. ಮೇಲೆಲ್ಲ ಕಪ್ಪಿಟ್ಟಿತ್ತು, ಮಗುಚಿದರೆ ಒಳಗಡೆ ಚಿನ್ನದ ಬಣ್ಣ ಹಾಗೇ ಉಳಿದಿತ್ತು. ಹುಣಸೆ ಬೀಜದಷ್ಟು ಹಕ್ಕಿಗಳ ಸಾಲು, ಪ್ರತಿಯೊಂದರ ಕಣ್ಣಿಗೂ ಒಂದು ಕೆಂಪು ಎಳೆ. ಒಂದು ಹಕ್ಕಿ ಮಾತ್ರ ಕತ್ತು ಹಿಂದಕ್ಕೆ ತಿರುಗಿಸಿತ್ತು. ನೇಯ್ದವನು ಬೇಕೆಂದೇ ಮಾಡಿದನೋ, ಕೈತಪ್ಪಿತೋ ತಿಳಿಯದು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ಬಿಚ್ಚಿದೆ.

“ಅದೇನ್ ನೋಡ್ತಾ ಕುಂತಿದ್ದೀಯ್ಲಾ, ಬಿರ್ನೆ ಬಿಚ್ಚು.”

“ಬೋ ಚೆನ್ನಾಗದೆ ಕಣವ್ವ.”

“ಈಗ್ ಕಾಣ್ತಾ ನಿಂಗೆ?”

ಅರ್ಧ ಬಿಚ್ಚುವಷ್ಟರಲ್ಲಿ ಸಂಜೆಯಾಯಿತು. ಉಳಿದರ್ಧ ಅವಳ ಮೈಯಡಿ ಸಿಕ್ಕಿಕೊಂಡಿತ್ತು. ಮಧ್ಯಾಹ್ನ ಹೇಗೋ ಮಗ್ಗುಲಾಗುತ್ತಿದ್ದವಳು, ಈಗ ಹೊರಳಿಸಲು ಹೋದರೆ ನೋವಿಗೆ ನರಳಿದಳು. ನಾಳೆ ಬಿಚ್ಚಿದರಾಯಿತೆಂದು ಬಿಟ್ಟೆ. ಬೆಳಿಗ್ಗೆ ಅಕ್ಕ ನೀರು ಕುಡಿಸಲು ಹೋದಾಗ ಅವ್ವನ ಮೈ ತಣ್ಣಗಾಗಿತ್ತು.

ಮತ್ತೆ ಬ್ಲೇಡು ತೆಗೆದುಕೊಂಡೆ. ಅಕ್ಕನ ಅಳು ಕೇಳಿ ಬಂದಿದ್ದ ಪಕ್ಕದ ಮನೆಯ ದೊಡ್ಡಪ್ಪ ನನ್ನ ಕೈ ಹಿಡಿದುಕೊಂಡರು.

“ಬುಡ್ಲಾ. ಇನ್ನದು ಅವಳ್ದು. ನೆನ್ನೆ ಬಿಚ್ಚಿದ್ದಷ್ಟೇ ನಿಂದು.”

ಜೋತುಬಿದ್ದಿದ್ದ ಅರ್ಧವನ್ನು ಕತ್ತರಿಸಿಕೊಂಡೆ. ಉಳಿದದ್ದು ಮಣ್ಣಿಗೆ ಹೋಯಿತು. ನನ್ನ ಹತ್ತಿರ ಇರುವುದು ಯಾವ ಸೀರೆಗೂ ಸಾಲದು, ಮಗಳಿಗೆ ಇನ್ನೂ ತೋರಿಸಿಲ್ಲ. ಆದದ್ದು ಒಳ್ಳೆಯದೇ ಆಯಿತು ಎನ್ನುತ್ತಾಳೆ ಅಕ್ಕ. ಆದರೆ ನಾನು ನೋಡುತ್ತಾ ಕೂರದೆ ಬೇಗ ಬೇಗ ಬಿಚ್ಚಿದ್ದರೆ ಅವ್ವ ಕೇಳಿದ್ದು ನಡೆಯುತ್ತಿತ್ತು. ಹೀಗೆ ಸಾಯುವವರ ಮಾತನ್ನು ನಾಳೆಗೆ ಇಟ್ಟವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಆಮೇಲೆ ಏನು ಮಾಡಿದಿರಿ ಎಂದು ದಯವಿಟ್ಟು ಬರೆಯಿರಿ.