ಹೊಂಗೆ ನೆರಳಿನ ಕೊಡ

ಕೇಳಿ ಮಕ್ಕಳೇ, ನಾನು ಚಿಕ್ಕವಳಿದ್ದಾಗ, ದೊಡ್ಡಬಳ್ಳಾಪುರ ಸೀಮೆಯ ಮಧುರೆಯ ಹತ್ತಿರದ ನಮ್ಮ ರಾಗಿ ಹೊಲದಲ್ಲಿ ಅಕ್ಕನ ಜೊತೆ ಕಳೆದ ಕೊನೆಯ ದಿನವೂ ಬೇರೆ ದಿನಗಳ ಹಾಗೆಯೇ ಶುರುವಾಯಿತು. ಮಳೆ ಬಿಟ್ಟು ನಾಲ್ಕು ದಿನವಾಗಿತ್ತು. ಬಿಸಿಲು ಬೆನ್ನು ಸುಡುತ್ತಿತ್ತು, ಕಿತ್ತ ಕಳೆಯ ಹಸಿ ವಾಸನೆ ಹೊಲವೆಲ್ಲ ಹರಡಿತ್ತು. ಅಪ್ಪ, ಅಮ್ಮ, ಅಕ್ಕ ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು, ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು. ನನಗೆ ಆರು ವರ್ಷ. ಹೊಂಗೆ ಮರದ ನೆರಳಲ್ಲಿದ್ದ ನೀರಿನ ಕೊಡಕ್ಕೆ ನಾನೇ ಕಾವಲು.

ಸಾಲು ಬಿಟ್ಟು ಎದ್ದವರ ಪಾಲಿನ ಕಳೆಯನ್ನು ಪಕ್ಕದವರು ಕೀಳಬೇಕಿತ್ತು. ಆ ತಿಂಗಳೆಲ್ಲ ಅಕ್ಕ ಮತ್ತೆ ಮತ್ತೆ ಏಳುತ್ತಿದ್ದಳು. ಒಂದು ಚೊಂಬು ನೀರು ಕುಡಿದು, ಬೇಲಿಯ ಮರೆಗೆ ಹೋಗಿ ಬಂದು, ಇನ್ನೊಂದು ಚೊಂಬು ಕುಡಿಯುತ್ತಿದ್ದಳು. ಎರಡು ಮುದ್ದೆ ಉಂಡರೂ ಅವಳ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

"ಇವ್ಳಿಗೆ ಬಾವಿ ಇರೋ ಮನೆ ಗಂಡನ್ನೇ ನೋಡ್ಬೇಕು ಕಣೇ," ಎಂದ ಅಪ್ಪ.

"ಬಾವಿ ಎಲ್ಲಿ ಸಾಲ್ತದೆ? ಕೆರೆ ಏರಿ ಮ್ಯಾಲೇ ಮನೆ ಹುಡುಕು," ಎಂದಳು ಅಮ್ಮ. ಎಲ್ಲರೂ ನಕ್ಕೆವು. ನಾನೇ ಹೆಚ್ಚು ನಕ್ಕೆ.

ಅಕ್ಕನ ಮುಖ ಕೆಂಪಾಯಿತು. "ಇವತ್ತು ನನ್ ಸಾಲು ಮುಗಿಯೋಗಂಟ ಒಂದ್ ಹನಿ ಮುಟ್ಟಲ್ಲ. ಲೇ ಪುಟ್ಟಿ, ನಾನೇ ಕೇಳಿದ್ರೂ ಕೊಡ್ಬ್ಯಾಡ. ಆಣೆ!"

ಅರ್ಧ ಸಾಲಿಗೆ ಬರುವಾಗ ಅವಳ ತುಟಿ ಒಣಗಿ ಬಿಳಿಚಿತ್ತು. "ಒಂದೇ ಒಂದ್ ಗುಟುಕು ಕೊಡೇ," ಎಂದಳು.

ನಾನು ಕೊಡವನ್ನು ತಬ್ಬಿಕೊಂಡೆ. "ಆಣೆ ಅಂದ್ರೆ ಆಣೆ!"

ಅಕ್ಕ ನಕ್ಕಳು. ಹಲ್ಲು ಕಚ್ಚಿ ಮತ್ತೆ ಬಗ್ಗಿದಳು. ಸಾಲು ಮುಗಿಸಿಯೇ ಎದ್ದು, ಉಳಿದ ನೀರನ್ನೆಲ್ಲ ಕೊಡ ಎತ್ತಿ ಕುಡಿದಳು.

ಮರುದಿನ ಅವಳು ಏಳಲಿಲ್ಲ. ಉಸಿರು ಜೋರಾಗಿತ್ತು. ಅಪ್ಪ ಅವಳನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಮೊದಲು ಕೇಳಿದ್ದೇ, "ನೀರು ಜಾಸ್ತಿ ಕುಡೀತಿದ್ಲಾ?" ಎಂದು.

"ಹೂಂ ಸ್ವಾಮಿ. ನಾವು ನಗ್ತಿದ್ವಿ," ಎಂದನಂತೆ ಅಪ್ಪ.

ಅಕ್ಕ ಮನೆಗೆ ಬರಲಿಲ್ಲ.

ಅದು ಸಕ್ಕರೆ ಕಾಯಿಲೆ. ಅದೇನೆಂದು ದೊಡ್ಡವಳಾದ ಮೇಲೆ ಕೇಳಿ ಕೇಳಿ ತಿಳಿದುಕೊಂಡೆ. ಉಂಡದ್ದು ರಕ್ತದಲ್ಲಿ ಸಕ್ಕರೆಯಾಗಿ ನಿಂತುಬಿಡುತ್ತದೆ, ಮೈಗೆ ಹತ್ತುವುದಿಲ್ಲ. ಅದಕ್ಕೇ ಆ ಹಸಿವು. ಆ ಸಕ್ಕರೆ ಮೂತ್ರದಲ್ಲಿ ಹೊರಹೋಗುವಾಗ ಮೈಯ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಆ ಬಾಯಾರಿಕೆ. ಬಿಸಿಲಿಗೆ ಬೆವರುವ, ಚಳಿಗೆ ನಡುಗುವ ಮೈ, ನೀರು ಕಡಿಮೆಯಾದಾಗ ಹೀಗೆ ಕೇಳುತ್ತದೆ. ಒಂದು ಗುಟುಕಿನಿಂದ ಆ ಕಾಯಿಲೆ ನಿಲ್ಲುತ್ತಿರಲಿಲ್ಲ ಎಂದು ಡಾಕ್ಟರೊಬ್ಬರು ನನಗೆ ಹೇಳಿದರು. ನಂಬಿದ್ದೇನೆ.

ನಿಮ್ಮ ಶಾಲೆಯಲ್ಲಿ ನೀರು ಕುಡಿಯಲೆಂದೇ ಗಂಟೆ ಹೊಡೆಯುತ್ತಾರೆ. ನಿಮ್ಮ ತರಗತಿಯ ಹುಡುಗಿಯೊಬ್ಬಳು ಇನ್ಸುಲಿನ್ ಚುಚ್ಚಿಸಿಕೊಂಡು ಕಬಡ್ಡಿ ಆಡುತ್ತಾಳೆ ಅಂದಿರಿ. ಅವಳನ್ನು ಒಮ್ಮೆ ಮನೆಗೆ ಕರೆತನ್ನಿ ಮಕ್ಕಳೇ. ಈ ಮನೆಯಲ್ಲಿ ನೀರು ಕೇಳಿದವರನ್ನು ನೋಡಿ ಯಾರೂ ನಗುವಂತಿಲ್ಲ. ನಾನಿರುವವರೆಗೂ ಈ ಕಟ್ಟಳೆ ಸಡಿಲವಾಗದು. ಬಾಗಿಲ ಬಳಿ ದಿನವೂ ಕೊಡ ತುಂಬಿಸಿಡುತ್ತೇನೆ, ಬಂದವರಿಗೆ ಕೇಳುವ ಮೊದಲೇ ಕೊಡುತ್ತೇನೆ.

ಅಕ್ಕ ಕೇಳಿದ ಆ ಒಂದು ಗುಟುಕು ಮಾತ್ರ ಇನ್ನೂ ಕೊಟ್ಟಿಲ್ಲ.