ಹಳದಿ ಮುಚ್ಚಳದ ಬಾಟಲಿ

ಕೊರೋನಾ ಬರುವುದಕ್ಕೆ ಹಿಂದಿನ ವರ್ಷ, ಹುರುಳಿ ಕೀಳುವ ಕಾಲ. ಕೊಟ್ಟೂರಿನಲ್ಲಿ ಹರಪನಹಳ್ಳಿ ಕಡೆಗೆ ಹೋಗುವ ರಸ್ತೆಯ ಮೇಲೆ ನಮ್ಮ ಆಟೊಮೊಬೈಲ್ ಅಂಗಡಿ. ಮುಂದೆ ಬಿಡಿಭಾಗ ಮಾರುವ ಕೌಂಟರು, ಹಿಂದೆ ಗ್ಯಾರೇಜು. ಗ್ಯಾರೇಜು ಹಾಕಿದ್ದು ನನ್ನ ಗಂಡ. ಅವರ ಪಕ್ಕ ಕೂತು ಸ್ಪ್ಯಾನರ್ ಕೊಡುತ್ತ ಕೊಡುತ್ತ ನಾನೂ ಕೆಲಸ ಕಲಿತೆ. ಅವರು ತೀರಿಕೊಂಡ ಮೇಲೆ ಎರಡನ್ನೂ ನಾನೇ ನೋಡಿಕೊಂಡೆ. ಬ್ರೇಕು, ಕ್ಲಚ್ಚು ಬಿಚ್ಚಿ ಕೂಡಿಸಬಲ್ಲೆ. ಗಾಡಿ ಓಡಿಸುವುದು ಮಾತ್ರ ಕಲಿಯಲಿಲ್ಲ, ಅದಕ್ಕೆ ಸೊಸೆ ಶೈಲಾ ಇದ್ದಾಳೆ.

ಓದಿದ್ದು ಮೂರನೇ ಕ್ಲಾಸು. ಕನ್ನಡ ಓದುತ್ತೇನೆ, ಬರೆಯುತ್ತೇನೆ. ಇಂಗ್ಲಿಷ್ ಅಕ್ಷರ ಅಂದರೆ ನನಗೆ ಇರುವೆ ಸಾಲು. ಅಂಗಡಿಯ ಸಾಮಾನಿನ ಮೇಲೆ ಇರುವುದೆಲ್ಲ ಅದೇ ಇರುವೆ ಸಾಲು. ಹಾಗಂತ ನನ್ನ ವ್ಯಾಪಾರ ನಿಂತಿರಲಿಲ್ಲ. ಬಣ್ಣ, ತೂಕ, ಡಬ್ಬಿಯ ಆಕಾರ ನೋಡಿ ಕೊಡುತ್ತಿದ್ದೆ. ಬ್ರೇಕ್ ಆಯಿಲ್ ಅಂದರೆ ಹಳದಿ ಮುಚ್ಚಳ, ಪವರ್ ಸ್ಟೀರಿಂಗ್ ಆಯಿಲ್ ಅಂದರೆ ಕೆಂಪು ಮುಚ್ಚಳ. ವರ್ಷಾನುಗಟ್ಟಲೆ ಹೀಗೇ ನಡೆಯಿತು, ಒಂದು ದಿನವೂ ತಪ್ಪಲಿಲ್ಲ. ತಪ್ಪದೆ ಇದ್ದುದರಿಂದ ಸೊಕ್ಕು ಬಂದಿತ್ತು. ‘ಡಬ್ಬಿ ಮ್ಯಾಲಿಂದು ಒಮ್ಮೆ ನನಗ ತೋರಸ್ರಿ ಅತ್ತಿ’ ಎಂದು ಶೈಲಾ ಅಂದಾಗಲೆಲ್ಲ, ‘ನೀ ಹುಟ್ಟೂ ಮದ್ಲಿಂದ ಮಾರಾಕ ಹತ್ತೀನಿ, ಸುಮ್ಕಿರು’ ಎಂದು ಬಾಯಿ ಮುಚ್ಚಿಸುತ್ತಿದ್ದೆ.

ಆ ದಿನ ಬೆಳಿಗ್ಗೆ ಒಂಬತ್ತೂವರೆಗೆ ಒಂದು ಬಿಳಿ ಕಾರು ಬಂದು ನಿಂತಿತು. ಇಳಿದವನಿಗೆ ನಲವತ್ತರ ಆಸುಪಾಸು. ಹಗರಿಬೊಮ್ಮನಹಳ್ಳಿಯವನು, ಹಿಟ್ಟಿನ ಗಿರಣಿ ಇದೆ, ಹೆಸರು ಕೊಟ್ರೇಶ ಎಂದು ತಾನೇ ಹೇಳಿಕೊಂಡ. ಹಿಂದಿನ ಸೀಟಿನಲ್ಲಿ ಅವನ ತಾಯಿ. ಆಕೆಗೆ ಉಚ್ಚಂಗೆಮ್ಮನ ಹರಕೆ ಇತ್ತಂತೆ, ಅದಕ್ಕೆ ಉಚ್ಚಂಗಿದುರ್ಗಕ್ಕೆ ಹೊರಟಿದ್ದರು.

‘ಬ್ರೇಕಿನ ಲೈಟ್ ಹತ್ತಿ ಹತ್ತಿ ಆರತೈತ್ರಿ ಅಮ್ಮಾರ. ಮೊಬೈಲ್‍ನ್ಯಾಗ ನೋಡೀನಿ, ಆಯಿಲ್ ಕಮ್ಮಿ ಆಗೈತಿ. ಒಂದು ಬಾಟ್ಲಿ ಕೊಡ್ರಿ, ನಾನ ಹಾಕ್ಕೋತೀನಿ. ಗಿರಣಿ ರಿಪೇರಿ ಮಾಡಾವಗ ಇದೇನ್ ದೊಡ್ಡದು?’

ಇಲ್ಲಿ ನನ್ನ ಮೊದಲ ತಪ್ಪು. ಬ್ರೇಕ್ ಆಯಿಲ್ ಸುಮ್ಮಸುಮ್ಮನೆ ಕಡಿಮೆಯಾಗುವುದಿಲ್ಲ. ಒಂದೋ ಎಲ್ಲಾದರೂ ಸೋರುತ್ತಿರಬೇಕು, ಇಲ್ಲವೆ ಚಕ್ರವನ್ನು ಹಿಡಿದು ನಿಲ್ಲಿಸುವ ಬ್ರೇಕ್ ಪ್ಯಾಡು ಸವೆದಿರಬೇಕು. ಪ್ಯಾಡು ಸವೆದಷ್ಟೂ ಆಯಿಲ್ ಕೆಳಗೆ ಇಳಿದು ಆ ಜಾಗ ತುಂಬುತ್ತದೆ, ಮೇಲಿನ ಡಬ್ಬಿಯಲ್ಲಿ ಮಟ್ಟ ತಗ್ಗುತ್ತದೆ, ಲೈಟ್ ಹತ್ತುತ್ತದೆ. ಪ್ಯಾಡು ನೋಡದೆ ಆಯಿಲ್ ತುಂಬಿದರೆ ಲೈಟ್ ಆರುತ್ತದೆ, ರೋಗ ಹಾಗೇ ಇರುತ್ತದೆ. ಅವನನ್ನು ತಡೆದು ಚಕ್ರ ಬಿಚ್ಚಿ ನೋಡಬೇಕಿತ್ತು. ಹತ್ತು ನಿಮಿಷದ ಕೆಲಸ. ಕೌಂಟರಿನ ಮುಂದೆ ಇನ್ನಿಬ್ಬರು ನಿಂತಿದ್ದರು, ಬಿಟ್ಟುಬಿಟ್ಟೆ. ಹಿಂದಿನ ದಿನ ಬಂದ ಹೊಸ ಮಾಲಿನಿಂದ ಹಳದಿ ಮುಚ್ಚಳದ ಬಾಟಲಿ ತೆಗೆದು ಕೊಟ್ಟೆ. ಅವನು ಅಂಗಡಿಯ ಮುಂದೆಯೇ ಬಾನೆಟ್ ಎತ್ತಿ, ಡಬ್ಬಿಯ ಗೆರೆಯವರೆಗೆ ಸುರಿದು, ಉಳಿದದ್ದನ್ನು ಕಾರಿನಲ್ಲಿಟ್ಟುಕೊಂಡು ಹೋದ.

ಹತ್ತೂ ಮುಕ್ಕಾಲಿಗೆ ಒಬ್ಬರು ಪವರ್ ಸ್ಟೀರಿಂಗ್ ಆಯಿಲ್ ಕೇಳಿಕೊಂಡು ಬಂದರು. ಶೈಲಾ ಹೊಸ ಮಾಲಿನ ಹತ್ತಿರ ಹೋದವಳು ಅಲ್ಲೇ ನಿಂತಳು.

‘ಅತ್ತಿ, ಮುಂಜಾನೆ ಯಾರಿಗರ ಸ್ಟೀರಿಂಗ್ ಆಯಿಲ್ ಕೊಟ್ಟೀರೇನು?’

‘ಇಲ್ಲ. ಬ್ರೇಕ್ ಆಯಿಲ್ ಒಂದು ಹೋತು.’

‘ಬ್ರೇಕ್ ಆಯಿಲ್ ಬಾಕ್ಸ್ ಇನ್ನಾ ಒಡದ ಇಲ್ಲ. ಟೇಪ್ ಹಂಗ ಐತಿ ನೋಡ್ರಿ.’

‘ಹಳದಿ ಮುಚ್ಚಳ ನೋಡೇ ಕೊಟ್ಟೀನಿ.’

‘ಈ ಸಲ ಎಲ್ಲಾದಕ್ಕೂ ಹಳದಿನ ಹಾಕ್ಯಾರ್ರಿ.’

ನಾನು ಅವಳ ಮಾತು ನಂಬಲಿಲ್ಲ. ಬಾಟಲಿಯ ಮೇಲಿನ ಅಕ್ಷರವನ್ನು ನಂಬುವುದಂತೂ ಆಗದ ಮಾತು. ಸ್ಟೀಲ್ ಚೊಂಬಿನಲ್ಲಿ ನೀರು ತಂದು, ಅದೇ ಬಾಕ್ಸಿನ ಇನ್ನೊಂದು ಬಾಟಲಿ ಬಿಚ್ಚಿ ನಾಲ್ಕು ಹನಿ ಬಿಟ್ಟೆ. ಬ್ರೇಕ್ ಆಯಿಲ್ ಹೆಸರಿಗೆ ಮಾತ್ರ ಎಣ್ಣೆ, ನೀರಿಗೆ ಬಿದ್ದರೆ ಕರಗಿ ಹೋಗುತ್ತದೆ. ಇದು ಶೇಂಗಾ ಎಣ್ಣೆಯ ಹಾಗೆ ಮೇಲೆ ತೇಲಿತು. ಒಗ್ಗರಣೆಗೆ ಹಾಕಬಹುದೇನೋ ಅನ್ನುವಷ್ಟು ಚೆಂದವಾಗಿ ತೇಲಿತು.

ತೇಲುವ ಎಣ್ಣೆ ಬ್ರೇಕಿಗೆ ಬಿದ್ದರೆ ಆಗುವುದು ಇಷ್ಟು. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರದ ಕಡೆ ತಳ್ಳುವ ಉರುಳೆಗೆ ಮಾಸ್ಟರ್ ಸಿಲಿಂಡರ್ ಅನ್ನುತ್ತಾರೆ. ಅದರೊಳಗಿನ ರಬ್ಬರು ಈ ಎಣ್ಣೆ ಕುಡಿದು ಉಬ್ಬುತ್ತದೆ. ಉಬ್ಬಿದರೆ ಆಯಿಲ್ ವಾಪಸು ಬರುವ ಸಣ್ಣ ರಂಧ್ರ ಮುಚ್ಚುತ್ತದೆ. ಆಮೇಲೆ ಪೆಡಲಿನಿಂದ ಕಾಲು ತೆಗೆದರೂ ಬ್ರೇಕು ಚಕ್ರವನ್ನು ಬಿಡುವುದಿಲ್ಲ. ಹಿಡಿದುಕೊಂಡೇ ಓಡಿ ಓಡಿ ಕೆಂಡವಾಗುತ್ತದೆ. ಕೆಂಡವಾದ ಪ್ಯಾಡು ಬೇಕೆಂದಾಗ ಹಿಡಿಯುವುದಿಲ್ಲ. ಇದೆಲ್ಲ ಕೂಡಲೇ ಆಗುವುದಲ್ಲ, ತಾಸು ಎರಡು ತಾಸು ಬೇಕು. ಅಂದರೆ ಅವರು ಉಚ್ಚಂಗಿದುರ್ಗದ ಹತ್ತಿರದ ಏರಿಳಿತಕ್ಕೆ ಮುಟ್ಟುವ ಹೊತ್ತಿಗೆ ಸರಿಯಾಗಿ.

ಫೋನ್ ನಂಬರ್ ಇರಲಿಲ್ಲ. ಶೈಲಾ ಹಗರಿಬೊಮ್ಮನಹಳ್ಳಿಯ ಗುರುತಿನವರಿಗೆ ಫೋನ್ ಮಾಡಿ ‘ಗಿರಣಿ ಕೊಟ್ರೇಶ’ ಎಂದಳು. ‘ಯಾವ ಕೊಟ್ರೇಶ?’ ಎಂದರು. ನಮ್ಮ ಕಡೆ ಕಣ್ಣು ಮುಚ್ಚಿ ಕಲ್ಲೊಗೆದರೆ ಒಬ್ಬ ಕೊಟ್ರೇಶನಿಗೆ ಬೀಳುತ್ತದೆ. ಫೋನ್ ಇಡಿಸಿದೆ. ಸ್ಪ್ಯಾನರ್ ಚೀಲ, ಹಗ್ಗ ವ್ಯಾನಿಗೆ ಒಗೆದು, ಅಂಗಡಿಯ ಷಟರ್ ಎಳೆದು ಇಬ್ಬರೂ ಹೊರಟೆವು.

ನಮ್ಮ ವ್ಯಾನು ಐವತ್ತು ದಾಟಿದರೆ ನಡುಗುತ್ತದೆ. ಜೊತೆಗೆ ಹುರುಳಿ. ಆ ಕಾಲದಲ್ಲಿ ನಮ್ಮ ರೈತರು ಕಿತ್ತ ಹುರುಳಿಯನ್ನು ಬಳ್ಳಿ ಸಮೇತ ಡಾಂಬರಿನ ಮೇಲೆ ಹರವುತ್ತಾರೆ. ಬಸ್ಸು ಲಾರಿ ಹಾಯ್ದು ಕಾಳು ಉದುರುತ್ತದೆ, ಒಕ್ಕುವ ಕೂಲಿ ಉಳಿಯುತ್ತದೆ. ಎರಡು ಫರ್ಲಾಂಗಿಗೊಮ್ಮೆ ಹಾಸಿಗೆ ಹಾಸಿದಂತೆ ಬಿದ್ದಿತ್ತು. ಶೈಲಾ ಪ್ರತಿಯೊಂದರ ಮುಂದೆಯೂ ನಿಧಾನ ಮಾಡುತ್ತಿದ್ದಳು.

‘ಮ್ಯಾಲ ಹಾಯಿಸಿ ಹೊಡಿ’ ಎಂದೆ.

‘ಬಳ್ಳಿ ಗಾಲಿಗೆ ಸುತ್ತಿಕೊಂಡ್ರ ನಾವ ಸುಟ್ಟು ಹೋಗ್ತೀವ್ರಿ ಅತ್ತಿ. ನೀವ ಹೇಳಿಕೊಟ್ಟದ್ದು.’

ಹೇಳಿಕೊಟ್ಟದ್ದು ನಿಜ. ಬಳ್ಳಿ ಆಕ್ಸಲಿಗೆ ಸುತ್ತಿ ಸೈಲೆನ್ಸರಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ನನ್ನ ಪಾಠವನ್ನು ನನಗೇ ಒಪ್ಪಿಸುತ್ತಿದ್ದಳು. ಬಾಗಿಲ ಹಿಡಿ ಹಿಡಿದುಕೊಂಡು, ಎದುರು ಬಂದ ಬಿಳಿ ಕಾರುಗಳನ್ನೆಲ್ಲ ಇಣುಕಿ ನೋಡುತ್ತ ಕೂತೆ. ಆ ದಿನ ರಸ್ತೆಯ ತುಂಬ ಬಿಳಿ ಕಾರುಗಳೇ.

ಹರಪನಹಳ್ಳಿ ದಾಟಿ ದುರ್ಗದ ದಾರಿ ಹಿಡಿದ ಮೇಲೆ ಒಂದು ಮಿರ್ಚಿ ಮಂಡಕ್ಕಿ ಅಂಗಡಿ. ನಡೆಸುವವಳು ನನ್ನ ವಾರಗೆಯವಳು. ಬಿಳಿ ಕಾರು, ಹಿಂದೆ ವಯಸ್ಸಾದ ಹೆಂಗಸು ಎಂದು ಕೇಳಿದೆ.

‘ಇಲ್ಲೇ ನಿಂತಿತ್ತು ಬಿಡು. ತಾಯಿ ಮಗ ಹರಪನಹಳ್ಳ್ಯಾಗ ಬೀಗರ ಮನಿಗೆ ಹೋಗಿ ಬಂದ್ರಂತ. ಸುಟ್ಟ ವಾಸ್ನಿ ಬರಾಕತ್ತಿತ್ತು. ನಮ್ಮ ಹುಡುಗ್ರು ಬಗ್ಗಿ ನೋಡಿ, ಗಾಲ್ಯಾಗಿಂದ ಒಂದು ಹಿಡಿ ಹುರುಳಿ ಬಳ್ಳಿ ಜಗ್ಗಿ ತೆಗದ್ರು. ಅದ ಆಗಿತ್ತು ನೋಡು. ಹೋಗಿ ಇನ್ನಾ ಅರ್ಧ ತಾಸು ಆಗಿಲ್ಲ.’

‘ವಾಸ್ನಿ ಹೆಂಗಿತ್ತು? ಹೊಟ್ಟು ಸುಟ್ಟಂಗೋ, ಕೂದ್ಲು ಸುಟ್ಟಂಗೋ?’

ಅವಳು ಸೌಟು ಹಿಡಿದುಕೊಂಡೇ ಯೋಚಿಸಿದಳು. ‘ಕೂದ್ಲು ಅಂದ್ರ ಕೂದ್ಲ. ನೀ ಹೆಂಗ ಹೇಳಿದಿ?’

ಹುರುಳಿ ಹೊಟ್ಟು ಸುಟ್ಟರೆ ಒಲೆಯ ವಾಸನೆ. ಬ್ರೇಕು ಸುಟ್ಟರೆ ಕೂದಲಿನ ವಾಸನೆ. ಬಳ್ಳಿ ಇದ್ದದ್ದು ನಿಜ, ಅದನ್ನು ತೆಗೆದದ್ದೂ ಒಳ್ಳೆಯದೇ. ಆದರೆ ಒಂದು ಕಾರಣ ಕೈಗೆ ಸಿಕ್ಕಕೂಡಲೇ ಜನ ಹುಡುಕುವುದನ್ನು ಬಿಟ್ಟಿದ್ದರು. ನಿಲ್ಲಿಸಿದ ಗಾಡಿಯ ನಾಲ್ಕೂ ಚಕ್ರದ ಹತ್ತಿರ ಅಂಗೈ ಒಯ್ದು, ಮುಟ್ಟದೆ, ಬರೀ ಕಾವು ನೋಡಿದ್ದರೆ ತಿಳಿಯುತ್ತಿತ್ತು. ಬ್ರೇಕು ಹಿಡಿದುಕೊಂಡ ಚಕ್ರ ರೊಟ್ಟಿ ಹಂಚಿನ ಹಾಗೆ ಕಾದಿರುತ್ತದೆ. ಇದಕ್ಕೆ ಮೆಕ್ಯಾನಿಕ್ ಬೇಕಿಲ್ಲ, ಗಾಡಿ ಇಟ್ಟುಕೊಂಡವರು ಯಾರೂ ಮಾಡಬಹುದು.

ಮುಂದೆ ಸುಮಾರು ದೂರ ಹೋದ ಮೇಲೆ ಒಂದು ಇಳಿಜಾರು. ಅದರ ಬುಡದಲ್ಲಿ, ರಸ್ತೆ ಬಿಟ್ಟು ಕೆಳಗೆ, ಹುರುಳಿ ಹೊಟ್ಟಿನ ದೊಡ್ಡ ರಾಶಿಗೆ ಮೂತಿ ತೂರಿಸಿ ನಿಂತಿತ್ತು ಬಿಳಿ ಕಾರು. ಕೊಟ್ರೇಶ ರಸ್ತೆಯ ಮೇಲೆ ನಿಂತು ಮುಖ ಒರೆಸಿಕೊಳ್ಳುತ್ತಿದ್ದ. ನನ್ನನ್ನು ನೋಡಿ ಬಾಯಿ ಬಿಟ್ಟ.

‘ಅಮ್ಮಾರ! ನೀವ್ ಇಲ್ಲಿ? ಪೆಡಲ್ ಕಲ್ಲಾಗಿ ಬಿಡ್ತ್ರಿ, ಒತ್ತಿದ್ರ ನಿಲ್ಲವಲ್ದು. ದೇವ್ರ ದಯಾ, ಈ ಹೊಟ್ಟು ಕಣ್ಣಿಗೆ ಬಿತ್ತು, ತಂದು ಇದಕ್ಕ ಹೊಡದೆ. ಒಂದು ಗೀರು ಬಿದ್ದಿಲ್ಲ.’

‘ನಿಮ್ಮವ್ವ ಎಲ್ಲಿ?’

‘ಒಳಗ ಅದಾಳ್ರಿ. ಮಂಡಿನೋವು, ಇಳ್ಯಾಕ ಆಗಂಗಿಲ್ಲ. ಕುಂದ್ರಲಿ ಅಂತ ಬಿಟ್ಟೀನಿ.’

ಅವನು ಜೀವ ಉಳಿಯಿತು ಎಂದು ಉಸಿರು ಬಿಡುತ್ತಿದ್ದ. ನನಗೆ ಕಾಣುತ್ತಿದ್ದದ್ದು ಬೇರೆ. ಕೆಂಡವಾದ ಮುಂದಿನ ಎರಡು ಚಕ್ರ, ಅವುಗಳ ಸುತ್ತ ಒಣಗಿ ಗರಿಗರಿಯಾದ ಹೊಟ್ಟು. ಎಡಗಡೆಯ ಚಕ್ರದ ಹತ್ತಿರ ಬೀಡಿ ಹೊಗೆಯಷ್ಟು ತೆಳ್ಳಗೆ ಹೊಗೆ ಏಳುತ್ತಿತ್ತು. ಈಗ ಬಂದದ್ದು ಒಲೆಯ ವಾಸನೆ.

ಮೂವರೂ ಓಡಿದೆವು. ಮುದುಕಿ ನಿದ್ದೆಗಣ್ಣಿನಲ್ಲಿದ್ದಳು. ನಾನು ತೋಳು ಹಿಡಿದು ಎಳೆದೆ.

‘ಯಾರಬೇ ನೀನು? ಕೈ ಬಿಡು, ಕಾಲು ಮುರೀತಿ!’

‘ಮುರಿದ್ರ ಕಟ್ಟಸ್ತೀನಿ. ಇಳಿ ಮದ್ಲ.’

‘ನನ್ನ ಕಾಯಿ ಕರ್ಪೂರದ ಚೀಲ…’

‘ಕರ್ಪೂರ ಹಚ್ಚೂ ಕೆಲ್ಸ ಇಲ್ಲೇ ಆಗಾಕತ್ತೈತಿ, ಇಳಿಯೇ ಮಾರಾಯ್ತಿ!’

ಮಗ ಆಕೆಯನ್ನು ಎತ್ತಿಕೊಂಡು ಹೋಗಿ ರಸ್ತೆಯ ಆಚೆ ಕೂರಿಸಿದ. ಶೈಲಾ ವ್ಯಾನಿನ ಹಗ್ಗವನ್ನು ಕಾರಿನ ಹಿಂಭಾಗಕ್ಕೆ ಕಟ್ಟಿ ಎಳೆದಳು. ಹಗ್ಗ ಬಿಗಿಯಿತು, ಕಾರು ಅಲುಗಲಿಲ್ಲ. ಓಡುವಾಗ ನಿಲ್ಲಿಸಲಾರದ ಬ್ರೇಕು, ನಿಂತ ಮೇಲೆ ಚಕ್ರವನ್ನು ಬಿಡಬೇಕಲ್ಲ. ಹೊಟ್ಟನ್ನು ತಳ್ಳಿ ಬಾನೆಟ್ ಎತ್ತಿದೆ. ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಎರಡು ಸಣ್ಣ ಕೊಳವೆಗಳಿವೆ. ಚೀಲದಿಂದ ಹತ್ತು ನಂಬರಿನ ಸ್ಪ್ಯಾನರ್ ತೆಗೆದು, ಎಣ್ಣೆ ಚಿಮ್ಮಿ ಬಿಸಿ ಇಂಜಿನ್ನಿಗೆ ಬೀಳದಂತೆ ಬಟ್ಟೆ ಸುತ್ತಿ, ಎರಡರ ನಟ್ಟನ್ನೂ ಅರ್ಧರ್ಧ ಸುತ್ತು ಸಡಿಲಿಸಿದೆ. ಒಳಗೆ ಸಿಕ್ಕಿಕೊಂಡಿದ್ದ ಒತ್ತಡ ಬಟ್ಟೆಗೆ ಬುಸ್ ಎಂದು ಉಗುಳಿತು. ‘ಎಳಿ!’ ಎಂದು ಕೂಗಿದೆ. ಕಾರು ಹಿಂದಕ್ಕೆ ಬಂತು. ಅದರ ಹಿಂದೆಯೇ ಚಕ್ರ ಇದ್ದ ಜಾಗದಲ್ಲಿ ಹೊಟ್ಟು ಭಗ್ ಎಂದು ಹೊತ್ತಿತು. ಹೊತ್ತಿದ್ದನ್ನು ರಾಶಿಯಿಂದ ಎಳೆದು, ಮಣ್ಣು ಎರಚಿ ಎರಚಿ ಆರಿಸಿದೆವು. ಆ ಗಡಿಬಿಡಿಯಲ್ಲಿ ಕೊಟ್ರೇಶ ನೀರಿನ ಬಾಟಲಿ ತಂದು ಚಕ್ರಕ್ಕೆ ಸುರಿಯಲು ಹೋದ, ಕೈಗೆ ಹೊಡೆದೆ. ಕೆಂಡವಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗುತ್ತದೆ, ಸೀಳಲೂಬಹುದು. ತಾನಾಗಿಯೇ ಆರಬೇಕು.

ಎಲ್ಲ ಮುಗಿದು ಕೂತಾಗ ಮುದುಕಿ ನನ್ನ ಕೈ ಹಿಡಿದುಕೊಂಡಳು. ‘ಉಚ್ಚಂಗೆಮ್ಮನ ಕಳಿಸ್ಯಾಳ ನಿನ್ನ.’ ಮಗನೂ ತಲೆಯಾಡಿಸಿದ. ‘ಆ ಹುರುಳಿ ಬಳ್ಳಿ ಇಷ್ಟೆಲ್ಲಾ ಮಾಡ್ತು ನೋಡ್ರಿ’ ಎಂದ.

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ತಪ್ಪು ಹುರುಳಿಯ ತಲೆಗೆ, ಪುಣ್ಯ ನನ್ನ ತಲೆಗೆ. ಶೈಲಾ ನನ್ನ ಮುಖ ನೋಡದೆ ಹಗ್ಗ ಸುತ್ತುತ್ತಿದ್ದಳು.

‘ದೇವಿ ಕಳಿಸಿಲ್ಲ’ ಅಂದೆ. ‘ಬಳ್ಳಿದೂ ತಪ್ಪಲ್ಲ. ನಾನು ನಿನಗ ತಪ್ಪು ಬಾಟ್ಲಿ ಕೊಟ್ಟೀನಿ. ಬ್ರೇಕಿಗೆ ಸ್ಟೀರಿಂಗ್ ಆಯಿಲ್ ಹೋಗೈತಿ. ಮುಚ್ಚಳದ ಬಣ್ಣ ನೋಡಿ ಕೊಟ್ಟೆ, ನನಗ ಇಂಗ್ಲಿಷ್ ಓದಾಕ ಬರಂಗಿಲ್ಲ.’

ಕೊಟ್ರೇಶ ಎದ್ದು ಹೋಗಿ ಕಾರಿನಿಂದ ಉಳಿದ ಬಾಟಲಿ ತಂದ. ತಿರುಗಿಸಿ ತಿರುಗಿಸಿ ನೋಡಿದ. ‘ನನಗ ಬರತೈತ್ರಿ. ಡಿಗ್ರಿ ಮಾಡೀನಿ. ಕೈಯಾಗ ಹಿಡಕೊಂಡು ಸುರಿದೀನಿ, ಓದೇ ಇಲ್ಲ’ ಎಂದ.

‘ಅದು ನಿನ್ನ ತಪ್ಪು. ಅದನ್ನ ನಂದರಾಗ ಕಳೀಬ್ಯಾಡ.’

ಹೊಟ್ಟಿನ ಮಾಲೀಕ ಬಂದು ಎಲ್ಲರನ್ನೂ ಸಮನಾಗಿ ಬೈದ. ಬೈಸಿಕೊಂಡೆವು. ಮುದುಕಿಯನ್ನು ಶೈಲಾ ವ್ಯಾನಿನಲ್ಲಿ ದುರ್ಗಕ್ಕೆ ಕರೆದೊಯ್ದು ಹರಕೆ ತೀರಿಸಿ ವಾಪಸು ಕರೆತಂದಳು. ಕಾರನ್ನು ಟೆಂಪೊದ ಮೇಲೆ ಹೇರಿಸಿ ಕೊಟ್ಟೂರಿಗೆ ತಂದೆ. ಆಯಿಲ್ ಬದಲಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ, ಸಾಲದು. ಆ ಎಣ್ಣೆ ಮುಟ್ಟಿದ ರಬ್ಬರು ಯಾವುದೂ ಮತ್ತೆ ನಂಬಿಕೆಗೆ ಬಾರದು. ಮಾಸ್ಟರ್ ಸಿಲಿಂಡರು, ಹೋಸ್ ಪೈಪು, ಚಕ್ರದ ಸೀಲು ಎಲ್ಲ ಹೊಸದು ಹಾಕಿ, ಕೊಳವೆ ತೊಳೆದು, ಪ್ಯಾಡೂ ಬದಲಿಸಿದೆ. ಬಿಚ್ಚಿ ನೋಡಿದರೆ ಹಳೆಯ ಪ್ಯಾಡು ಬಳೆಯ ದಪ್ಪವೂ ಉಳಿದಿರಲಿಲ್ಲ. ಮೊದಲೇ ಹತ್ತು ನಿಮಿಷ ಕೊಟ್ಟಿದ್ದರೆ ಆ ಬಾಟಲಿಯೇ ಬೇಕಿರಲಿಲ್ಲ.

ಮುದುಕಿ ಈಗಲೂ ಸಿಕ್ಕವರಿಗೆಲ್ಲ ದೇವಿ ಕಳಿಸಿದಳು ಎಂದೇ ಹೇಳುತ್ತಾಳಂತೆ. ಅಲ್ಲ ಎಂದು ಮೂರು ಸಲ ಹೇಳಿದ್ದೇನೆ, ಕೇಳುವುದಿಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲು ನಾಚಿದವರ ಕೈಯಲ್ಲಿ ಇನ್ನೊಬ್ಬರ ಜೀವ ಇರಬಾರದು. ಆ ದಿನ ನನಗೆ ಕಲಿಸಿದ್ದು ಇದನ್ನೇ. ಅವತ್ತಿನಿಂದ ಅಂಗಡಿಯಲ್ಲಿ ಒಂದು ಕಟ್ಟಳೆ. ಬ್ರೇಕ್ ಆಯಿಲ್ ಕೇಳಿದವರಿಗೆ ಮೊದಲು ‘ಯಾಕ ಕಮ್ಮಿ ಆತು?’ ಎಂದು ಕೇಳುತ್ತೇನೆ. ಆಮೇಲೆ ಬಾಟಲಿಯನ್ನು ಅವರ ಕೈಗೆ ಕೊಟ್ಟು, ಮೇಲಿರುವುದನ್ನು ನನಗೆ ಕೇಳುವ ಹಾಗೆ ಓದಿಸುತ್ತೇನೆ. ಮೊನ್ನೆ ಕೂಡ್ಲಿಗಿ ಕಡೆಯ ಮೇಷ್ಟ್ರೊಬ್ಬರು ಸಿಟ್ಟಾದರು.

‘ಮೂವತ್ತು ವರ್ಷ ಪಾಠ ಹೇಳೀನಿ, ನನ್ನ ಕೈಲೆ ಓದಸ್ತೀಯೇನಮ್ಮ?’

‘ಓದ್ರಿ ಮೇಷ್ಟ್ರ. ನನಗ ಬರಂಗಿಲ್ಲ.’

ಓದಿದರು. ಕೊಟ್ಟೆ. ಅವಸರ ಇದ್ದವರಿಗೆ ಊರಲ್ಲಿ ಬೇರೆ ಅಂಗಡಿಗಳಿವೆ.