ಗಸ್ ಟಕಾಚ್ ಮತ್ತು ಮೂರನೇ ಕ್ಯಾಮೆರಾ

ಗಸ್ ಟಕಾಚ್ ಎಂಬ ಹೆಸರು ಅಮೆರಿಕದಲ್ಲಿ ಯಾರಿಗೂ ಗೊತ್ತಿಲ್ಲ. ಅವನ ಮೂಗು ಮಾತ್ರ ಎಲ್ಲರಿಗೂ ಗೊತ್ತು. ಬರ್ಬ್ಯಾಂಕಿನ ತರಕಾರಿ ಅಂಗಡಿಯಲ್ಲಿ ಈಗಲೂ ಯಾರಾದರೂ ಅವನನ್ನು ತಡೆದು ನಿಲ್ಲಿಸಿ, ನೀವು ನಮ್ಮ ಫ್ರೆಸ್ನೊ ಊರಿನ ಹಲ್ಲಿನ ಡಾಕ್ಟರಲ್ಲವೇ ಎನ್ನುತ್ತಾರೆ. ಅಲ್ಲ ಎಂದರೆ ನಂಬುವುದಿಲ್ಲ. ಎಲ್ಲೋ ನೋಡಿದ್ದೇನೆ, ನೋಡಿಯೇ ಇದ್ದೇನೆ ಎಂದು ಹಟ ಹಿಡಿಯುತ್ತಾರೆ. ಕೊನೆಗೆ ಗಸ್ ಒಂದು ಪಕ್ಕಕ್ಕೆ ತಿರುಗಿ ಮೂಗನ್ನು ತೋರಿಸುತ್ತಾನೆ. ಆಗ ಅವರ ಮುಖ ಅರಳುತ್ತದೆ. "ಅಯ್ಯೋ, ಪ್ಯಾಂಟ್ ಕಳ್ಕೊಂಡೋರು ನೀವೇ ಅಲ್ವಾ? ಸಿಕ್ತಾ ಸಾರ್ ಕೊನೆಗೆ?" ಎಂದು ಕೇಳಿ, ಟೊಮೆಟೊ ಬುಟ್ಟಿಯನ್ನು ಅಲ್ಲೇ ಬಿಟ್ಟು, ಕಾರಿನಲ್ಲಿ ಕೂತಿರುವ ಮನೆಮಂದಿಯನ್ನೆಲ್ಲ ಕರೆತರಲು ಓಡುತ್ತಾರೆ.

ಸಿಗಲಿಲ್ಲ ಎಂದು ಗಸ್ ಗಂಭೀರವಾಗಿ ತಲೆಯಾಡಿಸುತ್ತಾನೆ. ಜನರಿಗೆ ಬೇಕಾದ ಉತ್ತರವೂ ಅದೇ.

ಅವನು ಹುಟ್ಟಿದ್ದು ಒಹಾಯೊದ ಟೊಲೀಡೊದಲ್ಲಿ, ನದಿಯಾಚೆಯ ಹಂಗೇರಿಯನ್ನರ ಕೇರಿಯಲ್ಲಿ. ಅಪ್ಪ ಗಾಜಿನ ಕಾರ್ಖಾನೆಯಲ್ಲಿ ಬೆಂಕಿಯೆದುರು ದುಡಿಯುತ್ತಿದ್ದವನು. ಮನೆಗೆ ಬಂದರೆ ಬಾಯಿಗಿಂತ ಕೈ ಮುಂದು. ಚಿಕ್ಕಮ್ಮನ ಮದುವೆಯ ಊಟದ ದಿನ ಪುಟ್ಟ ಗಸ್ ಎಲ್ಲರೆದುರು ಪಾದ್ರಿಯ ನಡಿಗೆಯನ್ನು ಅಣಕಿಸಿದ. ಕೋಳಿ ಸಾರಿನ ತಟ್ಟೆ ಕೆಳಗಿಟ್ಟು ಅಪ್ಪ ಬೆಲ್ಟಿಗೆ ಕೈ ಹಾಕಿದ್ದ. ಅಷ್ಟರಲ್ಲಿ ಪಾದ್ರಿಯೇ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ. ಪಾದ್ರಿ ನಕ್ಕ ಮೇಲೆ ಮಗನನ್ನು ಹೊಡೆಯುವುದು ಹೇಗೆ? ಅಪ್ಪ ಬೆಲ್ಟನ್ನು ಸರಿಮಾಡಿಕೊಂಡವನಂತೆ ನಟಿಸಿ ತಾನೂ ನಕ್ಕ. ನಾಲ್ಕು ಜನ ನಕ್ಕರೆ ಏಟು ತಪ್ಪುತ್ತದೆ ಎಂಬ ಬುದ್ಧಿ ಹುಡುಗನಿಗೆ ಅಂದೇ ಬಂತು, ಬಂದದ್ದು ಮತ್ತೆ ಬಿಡಲಿಲ್ಲ.

ಮೀಸೆ ದಪ್ಪವಾಗುವ ಹೊತ್ತಿಗೆ ಬಸ್ಸು ಹತ್ತಿ ಲಾಸ್ ಏಂಜಲೀಸ್ ಸೇರಿದ. ಏಜೆಂಟ್ ಸಿಕ್ಕಿದ, ಟಕಾಚ್ ಎಂದರೆ ಯಾರ ನಾಲಿಗೆಯೂ ಹೊರಳುವುದಿಲ್ಲ, ಬೇರೆ ಹೆಸರು ಇಟ್ಟುಕೋ ಎಂದ. ನಟರ ಸಂಘದಲ್ಲಿ ಒಂದು ಹೆಸರಿಗೆ ಒಬ್ಬನೇ ಇರಬೇಕು. ಗಸ್ ಯೋಚಿಸಿಕೊಂಡು ಹೋದ ಚೆಂದದ ಹೆಸರುಗಳೆಲ್ಲ ಆಗಲೇ ಯಾರ ಯಾರದೋ ಪಾಲಾಗಿದ್ದವು. ಟಕಾಚ್ ಎಂಬುದನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ, ಅದೇ ಉಳಿಯಿತು. ಮೊದಲ ಕೆಲಸ ಒಂದು ಜಾಹೀರಾತಿನಲ್ಲಿ: ಹಸಿರು ರಬ್ಬರಿನ ಅಂಗಿ ತೊಟ್ಟು ಉಪ್ಪುನೀರಿನಲ್ಲಿ ಹಾಕಿಟ್ಟ ಸೌತೆಕಾಯಿಯಾಗಿ ಕುಣಿಯುವುದು. ಅಮ್ಮ ಟೊಲೀಡೊದಲ್ಲಿ ಅಕ್ಕಪಕ್ಕದವರನ್ನೆಲ್ಲ ಟಿವಿ ಮುಂದೆ ಕೂರಿಸಿಕೊಂಡು, ಎಡಗಡೆಯ ಕಾಯಿ ನನ್ನ ಮಗ ಎಂದು ತೋರಿಸಿದಳಂತೆ. ಆಮೇಲೆ ಹೋಟೆಲಿನ ಗುಮಾಸ್ತ, ಟ್ಯಾಕ್ಸಿಯವನು, ಬಾಗಿಲು ತಪ್ಪಿ ಬಂದವನು. ಹೀಗೆ ಅರ್ಧ ನಿಮಿಷದ ಪಾತ್ರಗಳಲ್ಲಿ ಹತ್ತು ವರ್ಷ ಕಳೆಯಿತು.

ಅಷ್ಟಾದ ಮೇಲೆ ಬಂತು ಆ ಲಾಂಡ್ರಿ ಅಂಗಡಿಯ ಹಾಸ್ಯ ಧಾರಾವಾಹಿ. ಗಸ್‌ಗೆ ಕೊಟ್ಟದ್ದು ಒಂದೇ ದಿನದ ಕೆಲಸ, ಒಂದೇ ಮಾತು. ಒಳಗೆ ಬಂದು "ನನ್ನ ಪ್ಯಾಂಟ್ ಬಂತಾ?" ಎಂದು ಕೇಳಬೇಕು, ಇಲ್ಲ ಎಂದರೆ ಹೋಗಬೇಕು. ಅವನು ಕೇಳಿದ, ಇಲ್ಲ ಎಂದರು. ಅವನು ಪ್ಯಾಂಟಿಲ್ಲದ ತನ್ನ ಕಾಲುಗಳನ್ನೊಮ್ಮೆ, ಅಂಗಡಿಯವಳನ್ನೊಮ್ಮೆ ನೋಡಿ, ಉದ್ದ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡು ಮರ್ಯಾದೆಯಿಂದ ಹೊರಟುಹೋದ. ಸ್ಟುಡಿಯೋದಲ್ಲಿ ಎದುರು ಕೂತು ನೋಡುತ್ತಿದ್ದ ಮುನ್ನೂರು ಜನ ಬಿದ್ದು ಬಿದ್ದು ನಕ್ಕರು. ಬರೆಯುವವರು ಮರುವಾರವೂ ಕರೆದರು. ಆ ಪ್ಯಾಂಟು ಎಂಟು ವರ್ಷ ಸಿಗಲಿಲ್ಲ, ಗಸ್‌ನ ಮನೆಯ ಒಲೆ ಎಂಟು ವರ್ಷ ಆರಲಿಲ್ಲ.

ಆ ಧಾರಾವಾಹಿಗಳನ್ನು ನಾಟಕದ ಹಾಗೆ ಆಡುತ್ತಿದ್ದರು. ವಾರವೆಲ್ಲ ತಾಲೀಮು, ಶುಕ್ರವಾರ ಜನರೆದುರು ಆಟ. ಜನರಿಗೂ ನಟರಿಗೂ ನಡುವೆ ಮೂರು ಕ್ಯಾಮೆರಾ. ನಗೆ ಎದ್ದಾಗ ನಟ ಕದಲದೆ ಕಾಯಬೇಕು. ಅದು ಏರಿ, ಇಳಿಯತೊಡಗಿ, ಪೂರ್ತಿ ಆರುವ ಮುನ್ನ ಮುಂದಿನ ಮಾತು ಆಡಬೇಕು. ಈ ಕಾಯುವ ವಿದ್ಯೆಯಲ್ಲಿ ಗಸ್‌ನನ್ನು ಮೀರಿಸುವವರು ಆ ಊರಲ್ಲೇ ಇರಲಿಲ್ಲ. ನಗೆ ಬಾರದೆ ಹೋದರೆ? ಅದಕ್ಕೂ ಪದ್ಧತಿಯಿದೆ. ಹೇಳಿದ್ದು ಜೋಕೇ ಅಲ್ಲವೆಂಬಂತೆ ಥಟ್ಟನೆ ಮುಂದಿನ ಮಾತಿಗೆ ಜಿಗಿದುಬಿಡಬೇಕು. ಸತ್ತ ಜೋಕಿನ ಹೆಣ ಕಾಯುತ್ತ ಯಾರೂ ನಿಲ್ಲುವುದಿಲ್ಲ.

ಐದನೇ ವರ್ಷ ಮೂರನೇ ಕ್ಯಾಮೆರಾಕ್ಕೆ ವರ್ನಾ ಟಾಲೆಫ್ಸನ್ ಬಂದಳು. ಎತ್ತರದ ಹೆಂಗಸು, ಮಿನ್ನೆಸೋಟದ ನಾರ್ವೇಜಿಯನ್ ರೈತರ ಮನೆಯವಳು. ಕೊಟ್ಟಿಗೆಗೆ ಬೆಂಕಿ ಬಿದ್ದರೂ ಇವತ್ತು ತುಸು ಸೆಖೆ ಎನ್ನುವ ಜಾಯಮಾನದವರು ಅವರು. ಆಟ ನಡೆಯುವಾಗ ಕ್ಯಾಮೆರಾದವರು ನಗುವಂತಿಲ್ಲ, ನಕ್ಕರೆ ಚಿತ್ರ ಅಲ್ಲಾಡುತ್ತದೆ. ಅದು ಗಸ್‌ಗೂ ಗೊತ್ತಿತ್ತು. ಆದರೆ ತಾಲೀಮಿನಲ್ಲಿ ಉಳಿದಿಬ್ಬರು ಕ್ಯಾಮೆರಾದವರು ಬಾಯ್ತುಂಬ ನಗುತ್ತಿದ್ದರು. ವರ್ನಾ ಆಗಲೂ ನಗುತ್ತಿರಲಿಲ್ಲ. ಕಾಫಿಯ ಹೊತ್ತಿನಲ್ಲಿ ಎದುರು ನಿಂತು ಜೋಕು ಹೇಳಿದರೂ ಅದೇ ನೆಟ್ಟ ನೋಟ, ಅದೇ ತಿಳಿಗಣ್ಣು. ಗಸ್‌ಗೆ ಇದು ಹಲ್ಲಿಗೆ ಸಿಕ್ಕ ನಾರಿನಂತಾಯಿತು. ಮುನ್ನೂರು ಜನರ ನಗೆ ಕೇಳಿ ಮನೆಗೆ ಹೋದವನಿಗೆ ಒಬ್ಬಳ ಮೌನವೇ ಕಿವಿಯಲ್ಲಿ ತುಂಬಿರುತ್ತಿತ್ತು.

ಅವಳನ್ನು ನಗಿಸಲೇಬೇಕೆಂದು ಹೊರಟವನು ಅವಳ ಪಕ್ಕದಲ್ಲೇ ಸುಳಿದಾಡತೊಡಗಿದ. ಶನಿವಾರದ ಮಧ್ಯಾಹ್ನ ಸ್ಟುಡಿಯೋ ಹತ್ತಿರದ ಯಹೂದಿಗಳ ಹೋಟೆಲಿನಲ್ಲಿ ಇಬ್ಬರೂ ಊಟಕ್ಕೆ ಕೂರುವುದು ರೂಢಿಯಾಯಿತು. ಅವನು ಮಾತಾಡುವುದು, ಅವಳು ನಿಂಬೆಯ ಪೈ ಎಂಬ ಸಿಹಿತಿಂಡಿ ತಿನ್ನುತ್ತ ಕೇಳುವುದು. ಹೊಸ ಜೋಕು ಹೊಳೆದರೆ ಎದುರು ಸಿಕ್ಕವರ ಮೇಲೆ ಹೇಳಿ ನೋಡುವುದು ಗಸ್‌ನ ಚಾಳಿ. ಅವುಗಳಲ್ಲಿ ಅರ್ಧದಷ್ಟನ್ನು ಅವಳ ಮೇಲೆಯೇ ಪ್ರಯೋಗಿಸಿದ. ಒಂದೂ ಫಲಿಸಲಿಲ್ಲ. ಈ ಯುದ್ಧದ ನಡುವೆ ಯಾವಾಗ ಅವಳ ಮೇಲೆ ಜೀವವಿಟ್ಟುಕೊಂಡನೋ ಅವನಿಗೇ ತಿಳಿಯದು. ಶನಿವಾರ ಅವಳು ಬಾರದಿದ್ದರೆ ವಾರವೇ ಮುಗಿದಂತೆ ಆಗುತ್ತಿರಲಿಲ್ಲ ಎಂಬುದಂತೂ ನಿಜ. ಹೀಗೆ ಎರಡು ವರ್ಷ ಕಳೆಯಿತು.

ಒಂದು ಶನಿವಾರ ವರ್ನಾ ಚಮಚ ಕೆಳಗಿಟ್ಟು ಒಂದು ಸುದ್ದಿ ಹೇಳಿದಳು. ಮಿನ್ನಿಯಾಪೊಲಿಸಿನ ಟಿವಿ ಕಂಪನಿಯವರು ಬೇಸ್‌ಬಾಲ್ ಆಟಕ್ಕೆ ಕ್ಯಾಮೆರಾ ಹಿಡಿಯಲು ಕರೆದಿದ್ದಾರೆ, ಅಮ್ಮನ ಮನೆಗೂ ಹತ್ತಿರ, ಶುಕ್ರವಾರದೊಳಗೆ ಉತ್ತರ ಹೇಳಬೇಕು ಎಂದಳು. ಹೇಳಿ ಅವನ ಮುಖವನ್ನೇ ನೋಡಿದಳು.

ಈಗ ಹೇಳದಿದ್ದರೆ ಮುಗಿಯಿತು ಎಂದು ಗಸ್‌ಗೆ ಅರ್ಥವಾಯಿತು. ಆದರೆ ಹೆದರಿದಾಗ ಅವನಿಗೆ ಬರುವ ಭಾಷೆ ಒಂದೇ.

"ವರ್ನಾ, ನನ್ನ ಮನೇಲಿ ಎರಡು ಕುರ್ಚಿ ಇವೆ. ಒಂದರ ಮೇಲೆ ನಾನು ಕೂರ್ತೀನಿ, ಇನ್ನೊಂದರ ಮೇಲೆ ನನ್ನ ಕೋಟು ಕೂರುತ್ತೆ. ಕೋಟೂ ಮಾತಾಡಲ್ಲ, ನೀವೂ ಮಾತಾಡಲ್ಲ. ಆದ್ರೆ ಇಬ್ಬರಲ್ಲಿ ನೀವೇ ನೋಡೋಕೆ ಚೆನ್ನಾಗಿದ್ದೀರಿ. ನನ್ನ ಮದುವೆ ಆಗ್ತೀರಾ?"

ಇಷ್ಟು ಹೇಳಿ ಅವನು ಕಾದ. ಹುಬ್ಬು ಮೇಲೆ, ಕುತ್ತಿಗೆ ತುಸು ಓರೆ, ಥೇಟ್ ಶುಕ್ರವಾರದ ಭಂಗಿ. ವರ್ನಾ ಕದಲಲಿಲ್ಲ. ಉಸಿರೂ ಆಡಿದಂತೆ ಕಾಣಲಿಲ್ಲ.

ಮೌನವೇ ಸಮ್ಮತಿ ಎನ್ನುತ್ತೇವೆ ನಾವು. ನಗಿಸುವವನಿಗೆ ಮೌನವೆಂದರೆ ಮರಣ. ಗಸ್ ತುಸು ಹೊತ್ತು ಸಹಿಸಿಕೊಂಡ. ಆಮೇಲೆ ಪದ್ಧತಿಯಂತೆ ಥಟ್ಟನೆ ಜಿಗಿದ. ತನ್ನ ಕಾರಿನ ಬ್ರೇಕು ಕಿರ್‍ರೆನ್ನುತ್ತಿದೆ, ಮೆಕ್ಯಾನಿಕ್ ಬರೀ ಬಾಯಿಮಾತಿನವನು ಎಂದು ಶುರುಮಾಡಿ, ಬಿಲ್ಲು ಬರುವವರೆಗೂ ಬ್ರೇಕಿನ ಪುರಾಣವನ್ನೇ ಹೇಳಿದ. ವರ್ನಾ ಪೈ ಮುಗಿಸಲಿಲ್ಲ. ಬರುತ್ತೇನೆ ಎಂದಷ್ಟೇ ಹೇಳಿ ಎದ್ದುಹೋದಳು.

ಆ ವಾರ ಗಸ್ ಗಸ್ ಆಗಿರಲಿಲ್ಲ. ತಾಲೀಮಿನಲ್ಲಿ ಕಾಯಬೇಕಾದಲ್ಲಿ ಕಾಯದೆ, ಬಸ್ಸು ತಪ್ಪೀತೆಂಬಂತೆ ಮಾತುಗಳನ್ನು ಉದುರಿಸಿದ. ನಿರ್ದೇಶಕ ಎಲ್ಲರೆದುರು ರೇಗಿದ. ಗುರುವಾರ ಬೆಳಗ್ಗೆ ಮೇಕಪ್ಪಿನ ಕುರ್ಚಿಯಲ್ಲಿ ಕೂತವನ ಮೂಗಿಗೆ ಪೌಡರ್ ಹಚ್ಚುತ್ತ ಐರಿನ್ ಪ್ಲಾಟ್ಕಿನ್ ವಿಷಯ ಕೆದಕಿದಳು. ಐರಿನ್ ಅವನಿಗಿಂತ ಹಿರಿಯಳು, ಮೂವರು ಗಂಡಂದಿರನ್ನು ಕಂಡವಳು, ಬಾಯಿ ಬಿಡಿಸುವುದರಲ್ಲಿ ಪೊಲೀಸರಿಗೆ ಪಾಠ ಹೇಳಬಲ್ಲವಳು. ಗಸ್ ಎಲ್ಲ ಹೇಳಿಬಿಟ್ಟ. ನನ್ನ ಜೋಕಿಗೆ ಒಮ್ಮೆಯೂ ನಗದವಳು ನನ್ನನ್ನು ಕಟ್ಟಿಕೊಂಡು ಏನು ಮಾಡಿಯಾಳು ಎಂದೂ ಸೇರಿಸಿದ.

ಐರಿನ್ ಕೈಯಲ್ಲಿದ್ದ ಬ್ರಷ್ಷನ್ನು ಕೆಳಗಿಟ್ಟಳು.

"ಮದುವೆ ಆಗ್ತೀಯಾ ಅಂತ ಕೇಳ್ಬಿಟ್ಟು ನಗೆಗೆ ಕಾದ್ಯಾ? ಅವಳು ನಗ್ಲಿಲ್ಲ ಅಂತ ಬ್ರೇಕ್ ಕಥೆ ಹೇಳ್ದ್ಯಾ? ನನ್ನ ಮೂರ್ನೇ ಗಂಡನೇ ದಡ್ಡ ಅಂದ್ಕೊಂಡಿದ್ದೆ, ನೀನು ಅವನಪ್ಪ. ಎದ್ದೇಳು. ಹೋಗಿ ಮನುಷ್ಯರ ಹಾಗೆ ಕೇಳು."

ಅರ್ಧ ಮುಖಕ್ಕೆ ಮಾತ್ರ ಪೌಡರ್ ಮೆತ್ತಿಸಿಕೊಂಡು ಗಸ್ ಸೆಟ್ಟಿನ ಕಡೆ ನಡೆದ. ಕಾಫಿಯ ಬಿಡುವು, ಕೆಲಸದವರೆಲ್ಲ ಡೋನಟ್ ಮೇಜಿನ ಸುತ್ತ ನೆರೆದಿದ್ದರು. ವರ್ನಾ ಒಬ್ಬಳೇ ಕ್ಯಾಮೆರಾದ ಹಿಂದೆ ನಿಂತು ಗಾಜು ಒರೆಸುತ್ತಿದ್ದಳು. ಒಂದು ಜೋಕು ಅವನ ನಾಲಿಗೆಯ ತುದಿಗೆ ಬಂದೇಬಂತು; ಕಷ್ಟಪಟ್ಟು ನುಂಗಿಕೊಂಡ.

"ವರ್ನಾ, ನೀವು ಹೋಗ್ಬೇಡಿ. ನನಗೆ... ಅಂದ್ರೆ, ನೀವು ಹೋದ್ರೆ ನನಗೆ ತುಂಬ ಕಷ್ಟ ಆಗುತ್ತೆ. ಇಷ್ಟೇ. ಇದಕ್ಕಿಂತ ಚೆನ್ನಾಗಿ ಹೇಳೋಕೆ ಬರ್ತಾ ಇಲ್ಲ."

ಅವಳು ಬಟ್ಟೆಯನ್ನು ಮಡಚಿದಳು. "ಶನಿವಾರ ಹೇಳಿದ್ದು ಜೋಕಾ?"

"ಅಲ್ಲ."

"ಮತ್ತೆ ಯಾಕೆ ಬ್ರೇಕ್ ವಿಷಯ ತೆಗೆದ್ರಿ?"

"ನೀವು ನಗಲಿಲ್ಲ."

"ಮದುವೆ ಆಗ್ತೀರಾ ಅಂತ ಕೇಳಿದ್ರೆ ಯಾರು ನಗ್ತಾರೆ, ಗಸ್?"

ಡೋನಟ್ ಮೇಜಿನ ಬಳಿ ಅಗಿಯುವ ಸದ್ದೂ ನಿಂತಿತ್ತು. ವರ್ನಾ ಆ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ಕೆಲಸ ಮುಗಿಯಲಿ, ನನ್ನ ಕಾರಿನಲ್ಲಿ ಬನ್ನಿ ಎಂದಳು. ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಆ ಮಧ್ಯಾಹ್ನವನ್ನು ಗಸ್ ಹೇಗೆ ದೂಡಿದನೋ ದೇವರಿಗೇ ಗೊತ್ತು. ಮಿನ್ನೆಸೋಟದವಳು ಮನೆಯವರೆಗೆ ಬಿಟ್ಟು, ಮೆತ್ತಗೆ ಇಲ್ಲ ಎಂದು ಹೇಳಿ ಹೋಗುತ್ತಾಳೆ, ಅವರ ಕಡೆ ಹಾಗೆಯೇ ಎಂದು ತಾನೇ ತೀರ್ಮಾನ ಮಾಡಿಕೊಂಡಿದ್ದ.

ಸಂಜೆ ಬಿಸಿಲು ಇನ್ನೂ ಇತ್ತು. ಅವಳ ಹಳೇ ಡಾಡ್ಜ್ ಕಾರಿನಲ್ಲಿ ಗಸ್ ಮಂಡಿಗಳನ್ನು ಗದ್ದಕ್ಕೆ ಆನಿಸಿಕೊಂಡು ಕೂತ. ಸ್ಟುಡಿಯೋ ಗೇಟು ದಾಟುವವರೆಗೆ ವರ್ನಾ ಪಿಟಿಕ್ಕೆನ್ನಲಿಲ್ಲ. ಆಲಿವ್ ರಸ್ತೆಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಕಾರು ನಿಂತಿತು. ಒಂದು ವಿಚಿತ್ರ ಸದ್ದು ಕೇಳಿಸಿತು. ಎಂಜಿನ್ ಕೆಟ್ಟಿತೇನೋ ಎಂದು ಗಸ್ ಮುಂದಕ್ಕೆ ಬಾಗಿದ. ಸದ್ದು ಬರುತ್ತಿದ್ದುದು ವರ್ನಾಳಿಂದ. ಅವಳು ಸ್ಟೀರಿಂಗ್ ಮೇಲೆ ಹಣೆಯಿಟ್ಟು, ಮೂಗಿನಿಂದ ಗೊರಗೊರ ಎನ್ನಿಸುತ್ತ, ಹೆಬ್ಬಾತಿನಂತೆ ಕೂಗುತ್ತ ನಗುತ್ತಿದ್ದಳು. ನಗುವಿನ ನಡುವೆ ಒಂದೊಂದೇ ಮಾತು ಹೊರಬಂತು: ಎರಡು ವರ್ಷದ ಹಿಂದೆ ಅವನು ಪ್ಯಾಂಟು ಹುಡುಕುತ್ತ ಬಟ್ಟೆ ಒಣಗಿಸುವ ಯಂತ್ರದೊಳಗೆ ತಲೆ ಹಾಕಿದ್ದು, ಹೊರಗೆ ಬಂದಾಗ ಮೂಗಿಗೆ ಯಾರದೋ ಮಗುವಿನ ಕಾಲುಚೀಲ ಅಂಟಿಕೊಂಡಿದ್ದು, ಅದನ್ನು ಕರವಸ್ತ್ರವೆಂಬಂತೆ ಮಡಚಿ ಜೇಬಿಗಿಟ್ಟುಕೊಂಡದ್ದು.

ಗಸ್ ಬಾಯಿ ಬಿಟ್ಟುಕೊಂಡು ನೋಡಿದ. "ಆವತ್ತು ನೀವು ನಗಲೇ ಇಲ್ವಲ್ಲ?"

"ಅಲ್ಲಿ ನಗೋಕೆ ಶುರು ಮಾಡಿದ್ರೆ ನನಗೆ ನಿಲ್ಲಲ್ಲ. ತಾಲೀಮಲ್ಲಿ ಒಂದು ಸಲ ಬಿಟ್ರೆ ಶುಕ್ರವಾರ ಹಿಡಿಯೋಕಾಗಲ್ಲ. ಅದಕ್ಕೆ ಗೇಟು ದಾಟೋವರೆಗೂ ಒಳಗೇ ಇಟ್ಕೋತೀನಿ. ವಾರ ವಾರವೂ ಮನೆವರೆಗೂ ಒಬ್ಬಳೇ ನಗ್ತಾ ಹೋಗ್ತೀನಿ. ಪಕ್ಕದ ಕಾರಿನೋರು ಇವಳಿಗೆ ತಲೆ ಕೆಟ್ಟಿದೆ ಅಂದ್ಕೋತಾರೆ."

ಗಸ್‌ಗೆ ಹಿಗ್ಗು ತಡೆಯಲಾಗಲಿಲ್ಲ. ಇಷ್ಟು ವರ್ಷದ ನಗೆಯೆಲ್ಲ ಒಟ್ಟಿಗೆ ಕೈಗೆ ಬಂದಂತಿತ್ತು. ಹಾಗಾದರೆ ಶನಿವಾರದ್ದು, ಆ ಕೋಟಿನ ಜೋಕು, ಅದಕ್ಕೂ ಮನೆವರೆಗೆ ನಕ್ಕಿರಾ ಎಂದು ಆಸೆಯಿಂದ ಕೇಳಿದ.

ವರ್ನಾಳ ನಗು ನಿಂತಿತು. ಅವಳು ಸಿಗ್ನಲ್ಲಿನ ಕಡೆ ನೋಡುತ್ತ ಹೇಳಿದಳು:

"ಇಲ್ಲ ಗಸ್. ಶನಿವಾರ ನನ್ನ ಎದೆ ಬಡಿಯೋದೇ ನಿಂತಿತ್ತು. ಬಾಯಿ ಬಿಟ್ಟು ಹೂಂ ಅನ್ನಬೇಕು ಅನ್ನೋಷ್ಟರಲ್ಲಿ ನೀನು ಬ್ರೇಕ್ ಬಗ್ಗೆ ಮಾತಾಡಿದೆ. ಓ, ಇದೂ ಒಂದು ಜೋಕು, ನನ್ನ ಮೇಲೆ ಹೇಳಿ ನೋಡಿದ, ಹಿಡಿಸಲಿಲ್ಲ, ಬಿಸಾಕಿದ ಅಂದ್ಕೊಂಡೆ. ಮನೆವರೆಗೂ ಅತ್ಕೊಂಡು ಹೋದೆ."

ದೀಪ ಹಸಿರಾಯಿತು. ಇಬ್ಬರೂ ಗಮನಿಸಲಿಲ್ಲ. ಗಸ್ ಅವಳ ಕೈ ಹಿಡಿದುಕೊಂಡ. "ನನ್ನ ಮದುವೆ ಆಗು ವರ್ನಾ," ಎಂದ, ಅಷ್ಟೇ.

"ಹೂಂ. ನಾಳೆ ಫೋನ್ ಮಾಡಿ ಬರಲ್ಲ ಅಂತೀನಿ ಅವರಿಗೆ."

ಹಿಂದಿನ ಕಾರಿನವನು ಹಾರ್ನ್ ಒತ್ತಿದ, ಅವನ ಹಿಂದಿನವನೂ ಒತ್ತಿದ. ವರ್ನಾ ಕಣ್ಣೊರೆಸಿಕೊಂಡು ಕಾರನ್ನು ಮುಂದಕ್ಕೆ ಬಿಟ್ಟಳು. ಪಕ್ಕದಲ್ಲಿ ಗಸ್ ಅಳುತ್ತಿದ್ದ, ಅರ್ಧ ಮುಖದ ಪೌಡರ್ ಎಲ್ಲ ಕೊಚ್ಚಿಹೋಗುತ್ತಿತ್ತು. ಅದನ್ನು ಮುಚ್ಚಿಕೊಳ್ಳಲು ಅವನು ಒಂದು ಮಾತನ್ನೂ ಆಡಲಿಲ್ಲ.